ತೊಲೆಯ ಮೇಲಿನ ಬದು

ನಮ್ಮ ಮನೆಯ ಗಂಡಸರಿಗೆ ಹಾಕುವುದು ಗೊತ್ತು, ತೆಗೆಯುವುದು ಗೊತ್ತಿಲ್ಲ. ಮಾಳಿಗೆ ಸೋರಿದರೆ ಮೇಲೆ ಹತ್ತಿ ಮಣ್ಣು ಹಾಕುತ್ತಾರೆ. ಮರುವರ್ಷ ಮತ್ತೆ ಸೋರಿದರೆ ಅದರ ಮೇಲೆಯೇ ಇನ್ನೊಂದು ಪದರು. ಕೆಳಗಿನದು ಎಲ್ಲಿ ಬಿರುಕು ಬಿಟ್ಟಿದೆ, ಯಾಕೆ ಬಿಟ್ಟಿದೆ ಎಂದು ಕೆದರಿ ನೋಡುವವರಿಲ್ಲ. ಕೇಳಿದರೆ, "ಹಿರ್ಯಾರು ಹಾಕಿದ ಮಣ್ಣು, ತಗೀಬಾರ್ದು" ಎಂಬ ಉತ್ತರ. ಆ ಹಿರಿಯರು ಎದ್ದು ಬಂದಿದ್ದರೆ ಇವರ ಕೈಯಲ್ಲಿದ್ದ ಸಲಿಕೆ ಕಸಿದುಕೊಂಡು ಅದರಿಂದಲೇ ನಾಲ್ಕು ಬಾರಿಸುತ್ತಿದ್ದರು.

ನಾನು ಎಂ.ಕೆ. ಹುಬ್ಬಳ್ಳಿ ಕಡೆಯ ಹಂಚಿನ ಮನೆಯಲ್ಲಿ ಬೆಳೆದವಳು. ಸಿರಸಂಗಿಯ ಹತ್ತಿರದ ಈ ಊರಿಗೆ ಸೊಸೆಯಾಗಿ ಬಂದ ಮೇಲೆಯೇ ಮಣ್ಣಿನ ಮಾಳಿಗೆಯನ್ನು ಹತ್ತಿರದಿಂದ ನೋಡಿದ್ದು. ಗೋಡೆಯಿಂದ ಗೋಡೆಗೆ ದಪ್ಪ ತೊಲೆ, ತೊಲೆಯ ಮೇಲೆ ಸಾಲು ಜಂತಿ, ಜಂತಿಯ ಮೇಲೆ ಹಲಗೆ, ಹಲಗೆಯ ಮೇಲೆ ಮಣ್ಣು. ಬೇಸಿಗೆಯಲ್ಲಿ ತಂಪು, ಇಲ್ಲವೆನ್ನುವುದಿಲ್ಲ. ಮುಂಗಾರಿನ ಮೊದಲಿಗೆ ಬರುವ ಮಿರಗದ ಮಳೆಗೆ ಮುಂಚೆ, ನೀರು ಇಳಿಯಗೊಡದ ಸವಳು ಮಣ್ಣು ತಂದು ಹರಡಿ, ನೀರು ಚಿಮುಕಿಸಿ ಬಡಿದರೆ ಆ ವರ್ಷಕ್ಕೆ ಸಾಕು. ನನ್ನ ಮಾವ ಮೊದಲು ಹಳೆಯದನ್ನು ಒಂದು ಬೆರಳು ಹೆರೆಸಿ, ಆಮೇಲೆ ಹೊಸದನ್ನು ಒಂದು ಬೆರಳು ಹಾಕಿಸುತ್ತಿದ್ದರಂತೆ. ಮಕ್ಕಳು ಆ ಪದ್ಧತಿಯಲ್ಲಿ ಅರ್ಧವನ್ನಷ್ಟೇ ನೆನಪಿಟ್ಟುಕೊಂಡರು.

ಮಾವ ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ಬೇರೆಯಾದರು. ಮನೆಯ ಎಡಭಾಗ ಭಾವನವರಿಗೆ, ಬಲಭಾಗ ನಮಗೆ. ನಡುವಿನ ಪಡಸಾಲೆ ಮಾತ್ರ ಪಾಲಾಗದೆ ಉಳಿಯಿತು, ಯಾಕೆಂದರೆ ಅಲ್ಲಿ ಅತ್ತೆಯ ಹೊರಸು ಇತ್ತು. ಅತ್ತೆ ಯಾರ ಪಾಲಿಗೂ ಹೋಗಲಿಲ್ಲ. ಹೊರಸನ್ನು ಸರಿಯಾಗಿ ನಡುತೊಲೆಯ ಕೆಳಗೆ ಎಳೆಸಿಕೊಂಡು, "ಒಂದ್ ಕಾಲು ಇವನ ಮನ್ಯಾಗ, ಒಂದ್ ಕಾಲು ಅವನ ಮನ್ಯಾಗ" ಎಂದು ಮಲಗಿಬಿಟ್ಟರು.

ಕೆಳಗೆ ಪಾಲಾಗದ್ದನ್ನು ಇವರು ಮೇಲೆ ಹೋಗಿ ಪಾಲು ಮಾಡಿಕೊಂಡರು. ನಡುತೊಲೆಯ ನೇರಕ್ಕೆ ಮಾಳಿಗೆಯ ಮೇಲೆ ಒಂದು ಸಾಲು ಕಲ್ಲಿಟ್ಟರು. ಮೊದಲ ಮಳೆಗೇ ಅಣ್ಣನ ಕಡೆಯ ನೀರು ನಮ್ಮ ಕಡೆ ಬಂತೆಂದು ನನ್ನ ಗಂಡ ಆ ಸಾಲಿಗೆ ಮಣ್ಣು ಏರಿಸಿದರು. ಮರುವರ್ಷ ಭಾವ ತಮ್ಮ ಮಗ್ಗುಲಿನಿಂದ ಅದಕ್ಕಿಂತ ಎತ್ತರ ಏರಿಸಿದರು. ಅದರ ಮುಂದಿನ ವರ್ಷ ಮತ್ತೆ ನಮ್ಮವರ ಸರದಿ. ಹೊಲದಲ್ಲಿ ಬದುವಿಗಾಗಿ ಜಗಳ ಮಾಡುವವರನ್ನು ಕಂಡಿದ್ದೆ, ಮನೆಯ ನೆತ್ತಿಯ ಮೇಲೆ ಬದು ಕಟ್ಟಿದವರನ್ನು ಕಂಡದ್ದು ಇಲ್ಲೇ. ಆ ಬದುವಿನ ಭಾರವೆಲ್ಲ ಒಂದೇ ತೊಲೆಯ ಮೇಲೆ, ತೊಲೆಯ ಕೆಳಗೆ ಅವರ ತಾಯಿ. ಸ್ಲ್ಯಾಬ್ ಹಾಕಿಸಿರಿ ಎಂದು ಊರವರು ಹೇಳಿದರು. ಅದಕ್ಕೆ ಅಣ್ಣತಮ್ಮ ಒಂದು ದಿನವಾದರೂ ಒಂದು ಮಾತಿಗೆ ಬರಬೇಕಲ್ಲ!

ತೊಲೆ ಬಾಗುತ್ತಿದೆ ಎಂದರೆ ನನ್ನನ್ನು ಯಾರೂ ನಂಬಲಿಲ್ಲ. ಅದಕ್ಕೇ ತೊಟ್ಟಿಲು ತೂಗಲು ತೊಲೆಗೆ ಹೊಡೆದಿದ್ದ ಕಬ್ಬಿಣದ ಬಳೆಗೆ ಒಂದು ತೆಳು ತಂತಿ ಕಟ್ಟಿ, ತುದಿಗೆ ಕಲ್ಲು ತೂಗಿಬಿಟ್ಟೆ. ಯುಗಾದಿಯಲ್ಲಿ ಕಲ್ಲಿಗೂ ನೆಲಕ್ಕೂ ನಡುವೆ ಒಂದು ಬೆರಳು ತೂರುತ್ತಿತ್ತು. ದಸರೆ ಹೊತ್ತಿಗೆ ಕಲ್ಲು ನೆಲದ ಮೇಲೆ ಕುಳಿತಿತ್ತು.

ಗಂಡನನ್ನು ಕರೆದು ತೋರಿಸಿದೆ. ಮೊಬೈಲಿನ ಬೆಳಕು ಬಿಟ್ಟು ಮೇಲೆ ನೋಡಿದರು, "ಹೌದಲಾ" ಎಂದರು, ಹೊರಗೆ ಹೋದರು. ಮಣ್ಣು ಇಳಿಸಲು ಸಲಿಕೆ ತರುತ್ತಾರೆಂದು ನಾನು ಕಾದರೆ ಒಂದು ಜಾಲಿಕಂಬ ತಂದು ಹೊರಸಿನ ಮಗ್ಗುಲಿಗೆ ತೊಲೆಗೆ ಆನಿಸಿ ನಿಲ್ಲಿಸಿದರು. ತಮ್ಮ ಒಂದು ಕಂಬ ಕೊಟ್ಟ ಮೇಲೆ ಅಣ್ಣ ಹಿಂದೆ ಬೀಳುತ್ತಾರೆಯೇ? ಸಂಜೆಯೊಳಗೆ ಆ ಮಗ್ಗುಲಿಗೂ ಒಂದು ಕಂಬ ಬಂತು. ಎರಡು ಕಂಬದ ನಡುವೆ ಅತ್ತೆ. ಮುಂದಿನ ಮಿರಗಕ್ಕೆ ಮತ್ತೆ ಇಬ್ಬರೂ ಮೇಲೆ ಹತ್ತಿ ಮಣ್ಣು ಹಾಕಿದರು, ಕಂಬ ಇದೆಯಲ್ಲ ಎಂಬ ಧೈರ್ಯದಿಂದ! ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ. ಇಲ್ಲಿ ಬಡವಾದವಳು ಹಡೆದವಳು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಮಾತೂ ನಮ್ಮ ಮನೆಯಲ್ಲಿ ಸುಳ್ಳಾಯಿತು, ಮರವೇ ಬಗ್ಗಿತು, ಇವರು ಬಗ್ಗಲಿಲ್ಲ.

ಒಂದು ಮಧ್ಯಾಹ್ನ ಅತ್ತೆ ಊಟಕ್ಕೆ ಕುಳಿತಾಗ ಮೇಲಿನಿಂದ ಮಣ್ಣು ಜರಿದು ತಾಟಿನೊಳಗೆ ಬಿತ್ತು. ಅವರು ರೊಟ್ಟಿ ಝಾಡಿಸಿ ಮುರಿದುಕೊಂಡರು. ನನಗೆ ತಡೆಯಲಾಗಲಿಲ್ಲ.

"ಅತ್ತಿ, ಇವತ್ತ ಹೊರಸು ನಮ್ಮ ಕೋಣಿಗೆ ಹಾಕ್ತೇನಿ. ಏಳ್ರಿ."

"ನಾ ಬೇಕಂತನ ಇಲ್ಲೆ ಮಲಗೇನಿ, ಯವ್ವಾ," ಎಂದರು. "ಕೆಳಗ ಅವ್ವ ಅದಾಳ ಅಂದ್ರ ಮಣ್ಣು ಹಾಕೂಮುಂದ ಅವರ ಕೈ ತಡದಾವು ಅಂತ ತಿಳದಿದ್ನಿ."

"ತಡದ್ವೇನ್ರಿ?"

"ಇನ್ನೂ ಇಲ್ಲ," ಎಂದು ಮತ್ತೊಂದು ತುತ್ತು ಬಾಯಿಗಿಟ್ಟರು.

ಮರುದಿನ ಬೆಳಗ್ಗೆ ನಾನೇ ಏಣಿ ಹತ್ತಿದೆ. ಮೆಣಸಿನಕಾಯಿ ಒಣಗಿಸಲು ಎಷ್ಟೋ ಸಲ ಹತ್ತಿದ್ದೆ, ಅಂದು ಸೆರಗು ಸಿಕ್ಕಿಸಿಕೊಂಡು ಗುದ್ದಲಿ ಹಿಡಿದು ಹತ್ತಿದೆ. ನಮ್ಮ ಮಗ್ಗುಲಿನಿಂದ ಬದು ಕಡಿದು ಬುಟ್ಟಿ ಬುಟ್ಟಿ ಮಣ್ಣನ್ನು ಹಿತ್ತಲಿಗೆ ಸುರಿಯತೊಡಗಿದೆ. ಸದ್ದಿಗೆ ಗಂಡ ಓಡಿ ಬಂದರು.

"ಹುಚ್ಚ ಹಿಡದೈತೇನ ನಿನಗ? ನಮ್ಮ ಕಡಿ ತಗ್ಗಾದ್ರ ಅವರ ನೀರೆಲ್ಲಾ ನಮ್ಮ ಮ್ಯಾಲ ಬರ್ತೈತಿ!"

"ಬರಲಿ ಬಿಡ್ರಿ. ನೀರ ಬಂದ್ರ ಒರಸಬಹುದು. ತೊಲಿ ಬಂದ್ರ ಏನ್ ಒರಸ್ತೀರಿ?"

ತಮ್ಮ ಪಾಲು ಕಾಯಲು ಭಾವನೂ ಮೇಲೆ ಬಂದು ಆಚೆ ನಿಂತರು. ಕಡಿದ ಬದುವಿನಲ್ಲಿ ವರ್ಷ ವರ್ಷದ ಪದರು ರೊಟ್ಟಿ ಒಟ್ಟಿದಂತೆ ಕಾಣುತ್ತಿತ್ತು. ಕಡಿಯುತ್ತ ಮುಂಗೋಡೆಯ ಅಂಚಿಗೆ ಬಂದಾಗ ಗುದ್ದಲಿ ಠಣ್ ಎಂದಿತು. ಕೈಯಿಂದ ಮಣ್ಣು ಬಳಿದೆ. ಅಂಗಳದ ಕಡೆಗೆ ಬಾಯಿ ಮಾಡಿದ, ನೀರು ಹೋಗುವ ಕಲ್ಲಿನ ದೋಣಿ. ಸರಿಯಾಗಿ ನಡುತೊಲೆಯ ನೇರಕ್ಕೆ.

"ಅಪ್ಪನ ದೋಣಿ," ಎಂದರು ಭಾವ.

ಮಾವ ಎರಡೂ ಕಡೆಯ ಮಣ್ಣನ್ನು ನಡುವಿಗೆ ಇಳಿಜಾರು ಮಾಡಿಸಿ, ಎರಡೂ ನೀರು ಸೇರಿ ಅಲ್ಲಿಂದ ಅಂಗಳಕ್ಕೆ ಬೀಳುವಂತೆ ಮಾಡಿದ್ದರು. ಆ ದೋಣಿಯ ಕೆಳಗೆ ಇಬ್ಬರೂ ಚಿಕ್ಕಂದಿನಲ್ಲಿ ಮಳೆನೀರಿಗೆ ತಲೆಯೊಡ್ಡಿ ನಿಂತವರಂತೆ. ನೀರು ನಡುವಿಗೆ ಬರುವುದು ಯಾಕೆಂದು ಇಬ್ಬರಿಗೂ ಗೊತ್ತಿತ್ತು. ಗೊತ್ತಿದ್ದೂ ಹೂಳಿದ್ದರು. ನನ್ನ ಮೈಯೆಲ್ಲ ಉರಿಯಿತು.

"ಯಾರ ಮೊದಲ ಮುಚ್ಚಿದ್ರಿ?" ಎಂದೆ.

ಭಾವ ಕೆಳಗಿಳಿದು ಗುದ್ದಲಿ ತಂದು ತಮ್ಮ ಮಗ್ಗುಲಿನಿಂದ ಕಡಿಯತೊಡಗಿದರು. ಗಂಡ ಬುಟ್ಟಿ ಎತ್ತಿಕೊಂಡರು. ನಾಲ್ಕು ದಿನ ನಾನೂ ಭಾವನ ಹೆಂಡತಿ, ನನ್ನ ನೆಗೆಣ್ಣಿಯೂ ಸೇರಿ ಎಲ್ಲರೂ ಮಣ್ಣು ಇಳಿಸಿದೆವು. ತೊಲೆ ಬಾಗಿದ್ದು ಬಾಗಿದಂತೆಯೇ ಉಳಿಯಿತು, ಆದರೆ ಇನ್ನಷ್ಟು ಇಳಿಯಲಿಲ್ಲ. ಮೊದಲ ಮಳೆಗೆ ದೋಣಿಯಿಂದ ನೀರು ಅಂಗಳಕ್ಕೆ ಧುಮುಕಿತು. ಅತ್ತೆ ಅದನ್ನು ಕೇಳುತ್ತ ಕುಳಿತಿದ್ದವರು ಎದ್ದು, ಯಾರೂ ಹೇಳದೆಯೇ ಹೊರಸನ್ನು ಗೋಡೆಯ ಕಡೆಗೆ ಎಳೆಸಿಕೊಂಡರು.

ಇಲ್ಲಿಗೆ ಮುಗಿಯಿತು ಎಂದುಕೊಂಡೆ. ನಾನೂ ದಡ್ಡಿಯೇ. ಈಗ ನಮ್ಮ ಬಾಗಿಲ ಮುಂದೆ ಬಿದ್ದಿದೆಯಲ್ಲ, ಆಡಿನ ಮರಿಗಳು ಹತ್ತಿ ಇಳಿಯುವ ಮಣ್ಣಿನ ಗುಡ್ಡೆ, ಅದು ಮರುವರ್ಷ ಮಿರಗಕ್ಕೆ ಮುಂಚೆ ಟ್ರ್ಯಾಕ್ಟರಿನಲ್ಲಿ ಬಂದದ್ದು. ತರಿಸಿದವರು ನನ್ನ ಗಂಡ.

"ಒಂದ ಪದರ ಅಷ್ಟ," ಎಂದರು. "ನಡುವ ಸ್ವಲ್ಪ ತಗ್ಗ ಕಾಣತೈತಿ."

ಬಾಗಿದ ತೊಲೆಯ ಮೇಲೆ ತಗ್ಗು ಕಾಣದೆ ಗುಡ್ಡ ಕಂಡೀತೇ? ನಾನು ಜಗಳ ಮಾಡಲಿಲ್ಲ. ನಮ್ಮ ಕೋಣೆಯಿಂದ ಅವರ ಹೊರಸನ್ನು ಎಳೆದು ತಂದು, ಎರಡು ಕಂಬಗಳ ನಡುವೆ, ಅತ್ತೆ ಮಲಗುತ್ತಿದ್ದ ಜಾಗದಲ್ಲೇ ಹಾಕಿದೆ.

"ಹಾಕ್ರಿ, ಬ್ಯಾಡ ಅನ್ನೂದಿಲ್ಲ. ಹಾಕಿದವರು ಇನ್ನ ಮ್ಯಾಲ ಇಲ್ಲೇ ಮಲಗ್ರಿ."

ಅವರು ನಕ್ಕರು. ಉಂಡು, ಹಟಕ್ಕೆ ಹೋಗಿ ಅಲ್ಲೇ ಅಡ್ಡಾದರು. ನಾನು ಒಳಗೆ ಉಳಿದ ಹಿಟ್ಟಿಗೆ ರೊಟ್ಟಿ ಬಡಿಯುತ್ತಿದ್ದೆ. ಸ್ವಲ್ಪ ಹೊತ್ತಿಗೆ ಹೊರಸು ಕಿರುಗುಟ್ಟಿತು. ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಮುಖದಲ್ಲಿ ನಗು ಇರಲಿಲ್ಲ.

"ಅವ್ವ ದಿನಾ ಆ ಬಾಗಿದ ತೊಲಿ ನೋಡಕೋಂತ ಮಲಗತಿದ್ಲೇನ?"

"ಹೂಂನ್ರಿ. ಐದ ವರ್ಷ."

ನನಗೆ ಒಂದಿಷ್ಟೂ ಕನಿಕರ ಬರಲಿಲ್ಲ. ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ, "ನೀವು ಈಗಷ್ಟ ಅಡ್ಡಾಗೀರಿ, ಇನ್ನೂ ಸ್ವಲ್ಪ ಹೊತ್ತ ಮಲಗ್ರಿ, ಹೋಗ್ರಿ" ಎಂದೆ.