ಶಿಲುಬೆ ಬಾವುಟ ಮತ್ತು ದೊಡ್ಡಪ್ಪನ ಕುರ್ಚಿ

ಮೊನ್ನೆ ನಮ್ಮವರು ಕ್ರಿಕೆಟ್ ಪಂದ್ಯ ಗೆದ್ದ ಸಂಜೆ, ಚಾಮರಾಜನಗರದ ನಮ್ಮ ಬೀದಿಯ ಹುಡುಗರು ಸರಪಟಾಕಿ ಹಚ್ಚಿದರು. ಸದ್ದೆಲ್ಲ ಅಡಗಿದ ಮೇಲೆ ಹೊಗೆ ನಿಧಾನಕ್ಕೆ ಕಿಟಕಿಯಿಂದ ಒಳಗೆ ಬಂತು. ಆ ವಾಸನೆ ಬಂದರೆ ಬೇರೆಯವರಿಗೆ ದೀಪಾವಳಿ ನೆನಪಾಗುತ್ತದಂತೆ. ನನಗೆ ಹಾಗಲ್ಲ. ಸುಟ್ಟ ಮದ್ದಿನ ಘಾಟು ಮೂಗಿಗೆ ತಾಕಿದರೆ ಸಾಕು, ಭೀಮನಬೀಡಿನ ದೊಡ್ಡಪ್ಪನ ಮನೆಯ ಅರಿಶಿನದ ಕೋಣೆಯಲ್ಲಿ ಹೋಗಿ ನಿಂತುಬಿಡುತ್ತೇನೆ. ನಮ್ಮ ಮನೆಯಲ್ಲಿ ಪಟಾಕಿ ಹಬ್ಬದ ಸಾಮಾನಲ್ಲ, ಉಪ್ಪು ಮೆಣಸಿನಕಾಯಿಯ ಹಾಗೆ ವರ್ಷವಿಡೀ ಇರಲೇಬೇಕಾದದ್ದು. ಒಲೆಯಿಂದ ದೂರದ ಅಟ್ಟದ ಮೇಲೆ, ತೇವ ತಾಗದಂತೆ, ಹಳೆಯ ಬಿಸ್ಕತ್ತು ಡಬ್ಬಿಯೊಳಗೆ ಗರ್ನಾಲು ಪಟಾಕಿಗಳು ಮಲಗಿರುತ್ತಿದ್ದವು. ಅವು ಆನೆಗಳಿಗೆ ಮೀಸಲು. ರಾಗಿ ತೆನೆ ಕಟ್ಟುವ ಕಾಲಕ್ಕೆ ದೊಡ್ಡಪ್ಪ ಹೊಲದ ಅಟ್ಟಣೆಯಲ್ಲಿ ಕಾವಲು ಕೂತು, ಬೆಳಗ್ಗೆ ಕಂಬಳಿ ಹೊದ್ದು ಮನೆಗೆ ಬಂದರೆ, ಆ ಕಂಬಳಿಯಿಂದ ಇದೇ ವಾಸನೆ ಬರುತ್ತಿತ್ತು. ಘಾಟು ಜೋರಾಗಿದ್ದರೆ ಆನೆ ಬಂದಿತ್ತು ಎಂದು ಅರ್ಥ. ನಾವು ಮಕ್ಕಳು ಕೇಳುವುದಕ್ಕೆ ಮೊದಲು ಮೂಸಿ ನೋಡುತ್ತಿದ್ದೆವು.

ಅದು ಉದ್ದನೆಯ ಹೆಂಚಿನ ಮನೆ. ದೊಡ್ಡಪ್ಪ, ದೊಡ್ಡಮ್ಮ, ಅವರ ಇಬ್ಬರು ಗಂಡುಮಕ್ಕಳಾದ ಸೋಮಣ್ಣ ಮತ್ತು ಲೋಕೇಶ, ಜೊತೆಗೆ ಅವ್ವ ಮತ್ತು ನಾನು, ಮಂಜಿ. ಅಪ್ಪ ಬಂಡೀಪುರದಲ್ಲಿ ಅರಣ್ಯ ಇಲಾಖೆಯ ನೌಕರಿಯಲ್ಲಿದ್ದರು, ರಜೆ ಸಿಕ್ಕಾಗ ಬಂದು ಹೋಗುತ್ತಿದ್ದರು. ದೊಡ್ಡಮ್ಮ ಅಣ್ಣತಮ್ಮ ಇಬ್ಬರನ್ನೂ ಬಿಡದೆ ಕಾಡುತ್ತಿದ್ದಳು, ತಮ್ಮ ಆನೆ ಸಾಕುತ್ತಾನೆ, ಅಣ್ಣ ಓಡಿಸುತ್ತಾನೆ, ನಡುವೆ ನಮ್ಮ ರಾಗಿ ಹಾಳಾಗುತ್ತದೆ ಎಂದು. ಅಪ್ಪ ನಗುತ್ತಿದ್ದರು. ದೊಡ್ಡಪ್ಪ ನಗುತ್ತಿರಲಿಲ್ಲ, ಯಾಕೆಂದರೆ ಆನೆಯ ವಿಷಯದಲ್ಲಿ ತನ್ನ ಸಮಾನ ಯಾರಿದ್ದಾರೆ ಎಂಬ ಜಂಬ ಆ ಮನುಷ್ಯನಿಗೆ. ಊಟಕ್ಕೆ ಕೂತರೂ ಆನೆ ಪುರಾಣ, ಮದುವೆ ಮನೆಗೆ ಹೋದರೂ ಆನೆ ಪುರಾಣ. ಕೇಳಿ ಕೇಳಿ ನಮಗೆ ತಲೆಚಿಟ್ಟು ಹಿಡಿದಿತ್ತು. ಈಗ ಯಾರಾದರೂ ಬಂದು ಅದೇ ಪುರಾಣ ಇನ್ನೊಂದು ಸಲ ಹೇಳುತ್ತೇನೆ ಅಂದರೆ, ಆಫೀಸಿಗೆ ರಜೆ ಹಾಕಿ ಕೂತು ಕೇಳುತ್ತೇನೆ.

ಆ ಮನೆಗೆ ಕಂಪ್ಯೂಟರ್ ತಂದವನು ಸೋಮಣ್ಣ. ಅವನು ಕೆಲಸಕ್ಕಿದ್ದ ಗುಂಡ್ಲುಪೇಟೆಯ ಸೈಬರ್ ಸೆಂಟರ್ ಬಾಗಿಲು ಹಾಕಿದಾಗ, ಸಂಬಳದ ಬದಲಿಗೆ ಒಂದು ಕಂಪ್ಯೂಟರನ್ನು ಟೆಂಪೋದಲ್ಲಿ ಹಾಕಿಕೊಂಡು ಬಂದ. ಎಲ್ಲೂ ಜಾಗವಿಲ್ಲದೆ ಅದು ಅರಿಶಿನದ ಕೋಣೆ ಸೇರಿತು. ಬೆಲೆ ಬರಲಿ ಎಂದು ದೊಡ್ಡಪ್ಪ ಇಟ್ಟುಕೊಂಡಿದ್ದ ಅರಿಶಿನದ ಮೂಟೆಗಳ ನಡುವೆ ಒಂದು ಮೇಜು. ಮೇಜಿನ ಮುಂದೆ ದೊಡ್ಡಪ್ಪನ ತೇಗದ ಕುರ್ಚಿ. ದೊಡ್ಡಪ್ಪ ಮನೆಯಲ್ಲಿದ್ದಾಗ ಅದರಲ್ಲಿ ಬೇರೆ ಯಾರೂ ಕೂರುವ ಹಾಗಿರಲಿಲ್ಲ. ಅವರು ಹೊಲದ ಕಡೆ ಕಾಲು ಹಾಕಿದರೆ, ಇಲ್ಲವೇ ಮಲಗಿದರೆ, ಹುಡುಗರು ಅದನ್ನು ಜಗಲಿಯಿಂದ ಎಳೆದುಕೊಂಡು ಬರುತ್ತಿದ್ದರು. ಒಂದು ಕಾಲು ಗಿಡ್ಡವಾಗಿದ್ದರಿಂದ ಕುರ್ಚಿ ಯಾವಾಗಲೂ ಓಲಾಡುತ್ತಿತ್ತು. ಗಾಳಿಯಲ್ಲಿ ಅರಿಶಿನದ ಧೂಳು ಆಡುತ್ತಿದ್ದುದರಿಂದ ಕೀಲಿಮಣೆಯ ಸಂದುಗಳೆಲ್ಲ ಹಳದಿಯಾಗಿದ್ದವು. ಆಡಿ ಎದ್ದವರ ಬೆರಳ ತುದಿ ನೋಡಿದರೆ ಯಾರು ಎಷ್ಟು ಹೊತ್ತು ಕೂತಿದ್ದರೆಂದು ದೊಡ್ಡಮ್ಮ ಹೇಳಿಬಿಡುತ್ತಿದ್ದಳು.

ಕಂಪ್ಯೂಟರಿನ ಜೊತೆಗೆ ಅದರ ಹೊಟ್ಟೆಯಲ್ಲಿ ಒಂದು ಆಟವೂ ಬಂದಿತ್ತು. ಹಳೆಯ ಕಾಲದ ಜಪಾನು. ಒಂದೊಂದು ಸೀಮೆಗೆ ಒಂದೊಂದು ಸಮುರಾಯಿ ವಂಶ. ಒಂದು ವಂಶವನ್ನು ಆರಿಸಿಕೊಂಡು, ಕೋಟೆ ಕಟ್ಟಿ, ಸೈನ್ಯ ಕೂಡಿಸಿ, ಕೊನೆಗೆ ರಾಜಧಾನಿ ಹಿಡಿಯಬೇಕು. ಸೋಮಣ್ಣ ಕುದುರೆ ಸವಾರರ ವಂಶ ಹಿಡಿದ. ಲೋಕೇಶ ಕತ್ತಿವರಸೆಯವರನ್ನು ಹಿಡಿದ. ನಾನೂ ಆಡುತ್ತೇನೆ ಅಂತ ಹಟ ಹಿಡಿದಾಗ ಇಬ್ಬರೂ ಮುಖ ಮುಖ ನೋಡಿಕೊಂಡು ನಕ್ಕು, ಯಾರಿಗೂ ಬೇಡದ ವಂಶವೊಂದನ್ನು ನನ್ನ ಕೈಗೆ ಹಾಕಿದರು. ಬಾವುಟದಲ್ಲಿ ಶಿಲುಬೆ ಇದ್ದ ವಂಶ ಅದು. ಕಡಲಾಚೆಯಿಂದ ಬಂದ ಪಾದ್ರಿಗಳ ಮಾತು ಕೇಳಿ ಅದರ ದೊರೆ ಕ್ರೈಸ್ತನಾಗಿದ್ದ. ಅದಕ್ಕೆ ಸುತ್ತಲಿನ ದೊರೆಗಳಿಗೆಲ್ಲ ಅವನ ಮೇಲೆ ಹಗೆ. ಸ್ವಂತ ಊರಿನ ಜನರಲ್ಲೂ ಹಳೆಯ ದೇವರು ಬಿಡದವರು ಸಿಡುಕುತ್ತಿದ್ದರು. ಅವನಿಗಿದ್ದ ಒಂದೇ ಅನುಕೂಲವೆಂದರೆ ಪರದೇಶಿ ಹಡಗು. ಗುಂಡ್ಲುಪೇಟೆಗೆ ಕೇರಳದ ತರಕಾರಿ ಲಾರಿ ಬಂದ ಹಾಗೆ ಅದು ಅವನ ಬಂದರಿಗೆ ಬಂದು, ಬೇರೆ ಯಾರ ಬಳಿಯೂ ಇಲ್ಲದ ಕೋವಿಗಳನ್ನು ಇಳಿಸಿ ಹೋಗುತ್ತಿತ್ತು. ಸೋಮಣ್ಣ ಕರಾರು ಹಾಕಿದ, "ಇಮ ಬೀಳೋ ತನ್ಕ ಕೋಟ ಉಳುಸ್ಕೊ. ಉಳುಸ್ಕಂಡ್ರ ನಿಂಗೂ ಕುರ್ಚಿಲಿ ಪಾಳಿ. ಇಲ್ದೋದ್ರ ದಸರಾ ರಜ ಮುಗಿಯೋಗಂಟ ಒಲ್ದಲ್ಲಿ ಹೂ ಕುಯ್ಯಕ ಓಗು." ಆಟದೊಳಗೆ ವಸಂತದಲ್ಲಿ ಶುರುವಾಗಿ ಹಿಮ ಬೀಳುವವರೆಗೆ ಬದುಕಿರುವುದು ಕೇಳಲು ಸುಲಭ. ನನಗಂತೂ ಆ ಕುರ್ಚಿಯಲ್ಲಿ ಕೂರುವ ಹಕ್ಕು ಬೇಕಿತ್ತು, ಬೇಕೇ ಬೇಕಿತ್ತು. ಮೂಟೆಯ ಮೇಲೆ ಕೂತು ಹುಡುಗರ ಆಟ ನೋಡಿ ನೋಡಿ ನನ್ನ ಲಂಗವೆಲ್ಲ ಹಳದಿಯಾಗಿತ್ತು.

ಅಭ್ಯಾಸಕ್ಕೆಂದು ಅವರು ಬಿಟ್ಟುಕೊಟ್ಟ ಆಟಗಳಲ್ಲೆಲ್ಲ ನಾನು ಮಣ್ಣು ಮುಕ್ಕಿದೆ. ಸೋಮಣ್ಣ ಆಡುವ ಹಾಗೆಯೇ ನಾನೂ ಆಡುತ್ತಿದ್ದೆ: ವಸಂತ ಬಂದ ಕೂಡಲೇ ಪಕ್ಕದ ದೊರೆ ಎಚ್ಚೆತ್ತುಕೊಳ್ಳುವ ಮೊದಲು ಏರಿಹೋಗಿ ಬಡಿಯುವುದು. ಕುದುರೆಗಳಿದ್ದವನಿಗೆ ಅದು ಸರಿ. ನನ್ನ ಬಡಪಾಯಿ ಕಾಲಾಳುಗಳು ಅಲ್ಲಿಗೆ ಹೋಗಿ ಸಾಯುತ್ತಿದ್ದರು, ಇಲ್ಲಿ ಬರಿದಾದ ಕೋಟೆಯಲ್ಲಿ ಊರವರೇ ದಂಗೆ ಏಳುತ್ತಿದ್ದರು. ಲೋಕೇಶ ಬೇರೆ ಉಪಾಯ ಹೇಳಿಕೊಟ್ಟ: ಶತ್ರುವನ್ನು ನಾಲ್ಕೂ ಕಡೆಯಿಂದ ಮುತ್ತಿಬಿಡು, ಎಲ್ಲಿಗೆ ಹೋಗುತ್ತಾನೆ. ಮುತ್ತಿದೆ. ಓಡಲು ದಾರಿಯಿಲ್ಲದ ಶತ್ರು ಕೊನೆಯ ಆಳಿನವರೆಗೂ ಕಾದಾಡಿ ನನ್ನವರನ್ನೆಲ್ಲ ಮುಗಿಸಿದ. ಮರುದಿನ ಬೆಳಗ್ಗೆ ಹಿತ್ತಿಲ ಕಲ್ಲಿನ ಮೇಲೆ ಮುಖ ಊದಿಸಿಕೊಂಡು ಕೂತಿದ್ದೆ. ಕಾವಲಿನಿಂದ ಬಂದ ದೊಡ್ಡಪ್ಪ ಕಂಬಳಿ ಕೊಡವಿದರು. ಘಾಟು ಜೋರಾಗಿತ್ತು. ಪಕ್ಕದ ಹೊಲದವರ ಮೇಲೆ ಅವರಿಗೆ ಕೆಟ್ಟ ಸಿಟ್ಟು ಬಂದಿತ್ತು. ಆ ಪುಣ್ಯಾತ್ಮರು ಆನೆ ಇನ್ನೂ ಕಾಡಂಚಿನ ಕಂದಕದ ಆಚೆ ಇರುವಾಗಲೇ ಇದ್ದಬದ್ದ ಪಟಾಕಿಯನ್ನೆಲ್ಲ ಸುಟ್ಟು ಮುಗಿಸಿ, ಆಮೇಲೆ ತಗಡು ಬಡಿದುಕೊಂಡು ಅದು ಬಂದ ದಾರಿಗೇ ಅಡ್ಡ ನಿಂತಿದ್ದರಂತೆ. ಆನೆ ನಮ್ಮ ರಾಗಿಯನ್ನೆಲ್ಲ ತುಳಿದು ಬೇರೆ ಕಡೆಯಿಂದ ಹೋಗಿತ್ತು. ದೊಡ್ಡಪ್ಪ ನನ್ನ ಪಕ್ಕ ಕೂತು ಕಾಲು ತೊಳೆಯುತ್ತಾ ಅಂದರು, "ಆನಗ ಓಗಕ ದಾರಿ ಬುಡ್ಬೇಕು ಕಣಮ್ಮಿ. ದಾರಿ ಇಲ್ದೋದ್ರ ಅದು ನಮ್ ಮ್ಯಾಲೇ ಬತ್ತದ." ಈ ಮಾತನ್ನು ಅದಕ್ಕೆ ಮೊದಲು ಎಷ್ಟೋ ಸಲ ಕೇಳಿ ಆಕಳಿಸಿದ್ದೆ. ಅವತ್ತು ಮಾತ್ರ ಎದ್ದು ಸೀದಾ ಅರಿಶಿನದ ಕೋಣೆಗೆ ಓಡಿದೆ.

ಆ ದಿನ ಆಯುಧಪೂಜೆ. ಸೋಮಣ್ಣ ಕಂಪ್ಯೂಟರಿಗೂ ವಿಭೂತಿ ಬಳಿದು, ಚೆಂಡುಹೂವಿನ ಹಾರ ಹಾಕಿದ್ದ. ಮಂಗಳಾರತಿ ಹಿಡಿದು ಬಂದ ದೊಡ್ಡಮ್ಮ ಪರದೆಯ ಮೇಲಿದ್ದ ಶಿಲುಬೆ ಬಾವುಟ ನೋಡಿ, ಇದು ಯಾರ ದೇವರು ಅಂತ ಕೇಳಿದಳು. ಲೋಕೇಶ ಹೇಳಿದ. ಅವಳು, ಯಾರ ದೇವರಾದರೇನು, ನಮ್ಮ ಹುಡುಗಿಯನ್ನು ಕಾಯಲಿ ಎಂದು ಬಾವುಟದ ಮೇಲೇ ಕುಂಕುಮ ಇಟ್ಟಳು. ಹಣೆಗೆ ಕುಂಕುಮ ಇಟ್ಟುಕೊಂಡ ಕ್ರೈಸ್ತ ಸಮುರಾಯಿಗಳನ್ನು ಕಟ್ಟಿಕೊಂಡು ನಾನು ಕರಾರಿನ ಆಟ ಶುರುಮಾಡಿದೆ. ಈ ಸಲ ವಸಂತದಲ್ಲಿ ಕೋಟೆ ಬಿಟ್ಟು ಕದಲಲಿಲ್ಲ. ಮೊದಲು ಬಂದರು ಕಟ್ಟಿಸಿ ಹಡಗು ಬರಮಾಡಿಕೊಂಡೆ. ಪಾದ್ರಿಯನ್ನು ದೂರದೂರಿಗೆ ಅಟ್ಟದೆ ನಮ್ಮೂರಲ್ಲೇ ಓಡಾಡಿಸಿ ಜನರ ಸಿಡುಕು ಇಳಿಸಿದೆ. ಬಂದ ದುಡ್ಡನ್ನೆಲ್ಲ ಕೋವಿಯವರಿಗೆ ಸುರಿದೆ. ಹುಡುಗರು ಹೆದರುಪುಕ್ಕಲಿ ಅಂತ ರೇಗಿಸಿದರು. ರೇಗಿಸಲಿ ಬಿಡು ಅಂತ ಇನ್ನಷ್ಟು ಕೋವಿ ಇಳಿಸಿಕೊಂಡೆ. ಎಲೆ ಕೆಂಪಾಗುವ ಕಾಲಕ್ಕೆ ಪಕ್ಕದ ದೊರೆ ತಾನೇ ದಂಡೆತ್ತಿ ಬಂದ. ಗುಡ್ಡಕ್ಕೆ ಬೆನ್ನು ಕೊಟ್ಟು, ಬಿದಿರ ತಡಿಕೆಯ ಹಿಂದೆ ಕೋವಿಯವರನ್ನು ಸಾಲಾಗಿ ನಿಲ್ಲಿಸಿದೆ. ಎರಡು ಪಕ್ಕಕ್ಕೆ ಭರ್ಜಿಯವರು. ಶತ್ರು ಬಂದ ದಾರಿಯನ್ನು ಹಾಗೇ ತೆರೆದು ಬಿಟ್ಟೆ. ಲೋಕೇಶ ಹಣೆ ಹಣೆ ಚಚ್ಚಿಕೊಂಡು, ಹಿಂದಿನಿಂದ ಮುಚ್ಚು ಮುಚ್ಚು ಅಂತ ಬಡಿದುಕೊಂಡ. ನಾನು ಮುಚ್ಚಲಿಲ್ಲ.

ಅಷ್ಟರಲ್ಲಿ ಕರೆಂಟ್ ಹೋಯಿತು. ಯುಪಿಎಸ್ ಕುಂಯ್ ಕುಂಯ್ ಅನ್ನಲು ಶುರುವಾಯಿತು. ಅದರ ಉಸಿರು ನಿಂತರೆ ಆಟವೂ ನಿಂತಂತೆ, ಸೋತಂತೆ. ಸೋಮಣ್ಣ ಬೇಗ ಗುಂಡು ಹಾರಿಸು ಅಂದ. ನಾನು ಮುಂದಕ್ಕೆ ಬಗ್ಗಿದೆ, ಕುರ್ಚಿ ಓಲಾಡಿತು. ಆಗ ಯಾರೋ ಹಿಂದಿನಿಂದ ಕುರ್ಚಿಯನ್ನು ಗಟ್ಟಿಯಾಗಿ ಹಿಡಿದರು. ಘಾಟು ವಾಸನೆಯಲ್ಲೇ ಗೊತ್ತಾಯಿತು, ದೊಡ್ಡಪ್ಪ. ನಿದ್ದೆ ಮುಗಿಸಿ ಕುರ್ಚಿ ಹುಡುಕಿಕೊಂಡು ಬಂದವರು, ಪರದೆಯ ಮೇಲೆ ಧೂಳೆಬ್ಬಿಸಿಕೊಂಡು ಬರುತ್ತಿದ್ದ ಕುದುರೆಗಳನ್ನು ನೋಡಿ ಬಂದ ಕೆಲಸ ಮರೆತಿದ್ದರು. ಅವರಿಗೆ ಜಪಾನು ಗೊತ್ತಿರಲಿಲ್ಲ, ವಂಶ ಗೊತ್ತಿರಲಿಲ್ಲ. ಓಡಿ ಬರುವುದನ್ನು ಹೇಗೆ ನಿಲ್ಲಿಸಬೇಕು ಎಂಬುದಷ್ಟೇ ಗೊತ್ತಿತ್ತು. ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದರು, "ಈಗ್ಲೇ ಬುಡ್ಬ್ಯಾಡ ಕಣಮ್ಮಿ. ಅತ್ರ ಬರ್ಲಿ. ಅದ್ರ ಕಣ್ಣು ಕಾಣ್ಲಿ." ಯುಪಿಎಸ್ ಕೂಗುತ್ತಲೇ ಇತ್ತು. ಕುದುರೆಗಳ ಮುಖ ಕಂಡಿತು, ಆಮೇಲೆ ಮುಖದ ಮೇಲಿನ ಕುಚ್ಚು ಕಂಡಿತು. ಕುರ್ಚಿ ಮಾತ್ರ ಬಂಡೆಯ ಹಾಗೆ ನಿಂತಿತ್ತು. "ಈಗ ಬುಡು" ಅಂದರು. ಬಿಟ್ಟೆ.

ಸಾಲುಗಟ್ಟಿದ ಕೋವಿಗಳು ಒಟ್ಟಿಗೆ ಸಿಡಿದವು. ಹೊಗೆ ಸರಿದಾಗ ಮುಂದಿನ ಕುದುರೆಗಳು ಇರಲಿಲ್ಲ. ಹಿಂದಿನವು ತಿರುಗಿ ನೋಡಿದವು, ತೆರೆದ ದಾರಿ ಕಂಡಿತು, ಓಡಿದವು. ಅವು ಓಡುವುದನ್ನು ಕಂಡು ಕತ್ತಿಯವರು ಓಡಿದರು, ಅವರನ್ನು ಕಂಡು ಬಿಲ್ಲಿನವರು ಓಡಿದರು. ಕೊನೆಗೆ ದೊರೆಯೇ ಬಾವುಟ ಬಿಸಾಕಿ ಓಡಿದ. ಗೆಲುವಿನ ಕಹಳೆ ಊದಿದ್ದನ್ನು ಕೇಳಿಸಿಕೊಂಡು, ಆಟವನ್ನು ಉಳಿಸಿ ಇಡುವಷ್ಟರಲ್ಲಿ ಯುಪಿಎಸ್ ಕಣ್ಣು ಮುಚ್ಚಿತು. ಕತ್ತಲಾದ ಪರದೆಯಲ್ಲಿ ನಮ್ಮ ನಾಲ್ವರ ಮುಖ, ಮೇಲೆ ಚೆಂಡುಹೂವಿನ ಹಾರ. ನಾನು ಅತ್ತುಬಿಟ್ಟೆ, ಸಂತೋಷಕ್ಕೆ ಅಳು ಬರುತ್ತದೆಂದು ತಿಳಿದದ್ದು ಅವತ್ತೇ. ಕರೆಂಟ್ ಬಂದ ಮೇಲೆ, ಕಾವಲಿಲ್ಲದೆ ಬಿದ್ದಿದ್ದ ಶತ್ರುವಿನ ಕೋಟೆಗೆ ನಡೆದುಹೋಗಿ ಕೂತೆ. ಮುಂದಕ್ಕೆ ನುಗ್ಗದೆ, ಪಾದ್ರಿಯನ್ನು ಕರೆಸಿ, ಆ ಊರಿನ ಜನರ ಕೋಪ ತಣಿಯುವವರೆಗೆ ಅಲ್ಲೇ ಇದ್ದೆ. ಎರಡು ಕೋಟೆಗಳ ಹೆಂಚಿನ ಮೇಲೂ ಹಿಮ ಬಿತ್ತು. ಸೋಮಣ್ಣ ಪಾಳಿ ಹಂಚಲು ಬಂದ. ದೊಡ್ಡಪ್ಪ ಅವನನ್ನು ತಡೆದು, ಪಾಳಿಗೀಳಿ ಏನೂ ಇಲ್ಲ, ಇನ್ನು ಮೇಲೆ ಕುರ್ಚಿ ಮಂಜಿಯದು, ಬೇಕಾದವರು ಅವಳನ್ನು ಕೇಳಿ ಕೂರಬೇಕು ಅಂದುಬಿಟ್ಟರು. ಅವರೂ ಅಷ್ಟೇ, ಅಂದಿನಿಂದ ಜಗಲಿಯಲ್ಲಿ ಕಾಫಿ ಕುಡಿಯುವಾಗ ನನ್ನನ್ನು ಕೇಳಿಯೇ ಕೂರುತ್ತಿದ್ದರು. ಆ ವರ್ಷ ನಾನು ಮೆರೆದ ಮೆರೆದಾಟ ದೇವರಿಗೇ ಪ್ರೀತಿ.

ನಿಮ್ಮ ಮನೆಗಳೂ ಹೀಗೆಯೇ ಹೋಗಿರುತ್ತವೆ, ನಿಮಗೆ ಹೆಚ್ಚು ಹೇಳಬೇಕಾಗಿಲ್ಲ. ಮೊದಲು ದೊಡ್ಡಮ್ಮ ಹೋದಳು. ಕಂಪ್ಯೂಟರ್ ಕೆಟ್ಟು ಮೂಲೆ ಸೇರಿತು. ಹೊಲಕ್ಕೆ ಸೋಲಾರ್ ಬೇಲಿ ಬಂತು, ಅಟ್ಟಣೆ ಬರಿದಾಯಿತು. ನನಗೆ ಚಾಮರಾಜನಗರದಲ್ಲಿ ಕೆಲಸ ಸಿಕ್ಕಿದ ಮರು ವರ್ಷ ದೊಡ್ಡಪ್ಪ ಹಾಸಿಗೆ ಹಿಡಿದರು. ಅವರು ಇರುವಾಗಲೇ ಮನೆ ಪಾಲಾಯಿತು, ಜಗಳವಿಲ್ಲದೆ. ಅರಿಶಿನದ ಕೋಣೆ ಇದ್ದ ಭಾಗ ಸೋಮಣ್ಣನಿಗೆ ಬಂತು. ಅವನ ಮಕ್ಕಳಿಗೆ ಜಾಗ ಸಾಲದಾಗಿತ್ತು, ದೊಡ್ಡಪ್ಪನ ತಿಥಿ ಕಳೆದ ಮೇಲೆ ಹೆಂಚು ಇಳಿಸಿ ತಾರಸಿ ಮನೆ ಕಟ್ಟಿಸಲು ನಿಂತ. ತಪ್ಪೇನಿಲ್ಲ. ಆದರೂ ಗೋಡೆ ಬೀಳಿಸುವ ದಿನ ನನಗೆ ಹೋಗಲಾಗಲಿಲ್ಲ. ಆ ಸಂಜೆ ಸೋಮಣ್ಣನೇ ಟೆಂಪೋ ತಂದು ನನ್ನ ಬಾಡಿಗೆ ಮನೆಯ ಮುಂದೆ ನಿಲ್ಲಿಸಿದ. ಹಿಂದುಗಡೆ, ಗೋಣಿತಾಟು ಸುತ್ತಿ ಕಟ್ಟಿದ್ದ ಕುರ್ಚಿ. ಅದನ್ನು ಒಳಗೆ ತಂದಿಟ್ಟು, ನನ್ನ ಮುಖ ನೋಡದೆ ಹೇಳಿದ, "ಪಾಲ್ಗ ಇದ ಸೇರುಸ್ಬ್ಯಾಡಿ, ಇದು ನಮ್ದಲ್ಲ ಮಂಜಿದು ಅಂದ್ಬುಟ್ರು ಕಣಮ್ಮಿ ಅಪ್ಪ. ಪಂಚಾಯ್ತಿಯವ್ರ ಮುಂದ್ಲೇ ಅಂದ್ರು."

ಅದೇ ಆಟ ಈಗ ನನ್ನ ಲ್ಯಾಪ್‌ಟಾಪಿನಲ್ಲಿದೆ. ಚರಿತ್ರೆಯಲ್ಲಿ ಆ ಶಿಲುಬೆಯ ವಂಶ ಏನಾಯಿತೋ ನಾನು ಹುಡುಕಲು ಹೋಗಿಲ್ಲ. ನನ್ನ ಕೈಯಲ್ಲಿ ಅದು ಇವತ್ತಿನವರೆಗೂ ಹಿಮ ಕಾಣದೆ ಬಿದ್ದಿಲ್ಲ. ಮೊನ್ನೆ ಪಟಾಕಿ ಹೊಗೆ ಒಳಗೆ ಬಂದಾಗ ಕಿಟಕಿ ಮುಚ್ಚಲು ಎದ್ದವಳು ಮುಚ್ಚಲಿಲ್ಲ, ಆಟ ತೆರೆದು ಕೂತೆ. ಬಂದರು ಕಟ್ಟಿಸಿದೆ, ಬಿದಿರ ತಡಿಕೆ ನಿಲ್ಲಿಸಿದೆ, ದಾರಿ ತೆರೆದು ಬಿಟ್ಟೆ. ಕುರ್ಚಿಯ ಗಿಡ್ಡ ಕಾಲಿಗೆ ಏನಾದರೂ ಒತ್ತು ಕೊಡು ಅಂತ ನೋಡಿದವರೆಲ್ಲ ಹೇಳುತ್ತಾರೆ. ನಾನು ಕೊಟ್ಟಿಲ್ಲ. ಕುದುರೆಗಳು ಹತ್ತಿರ ಬಂದವು, ಕುರ್ಚಿ ಒಮ್ಮೆ ಓಲಾಡಿತು, ಮನೆಯೊಳಗೆಲ್ಲ ದೊಡ್ಡಪ್ಪನ ಕಂಬಳಿಯ ವಾಸನೆ. ಅವುಗಳ ಕಣ್ಣು ಕಾಣುವವರೆಗೆ ಕಾದೆ.