ನಾನು ಕೇಳಿಸದಂತೆ ಮಾಡಿದ ಎಡಗೈ

ಇದನ್ನು ಬರೆಯದೆ ಆರು ವರ್ಷ ಮುಂದೂಡಿದ್ದೇನೆ. ಮೊದಲು ಪುರುಸೊತ್ತಿಲ್ಲ ಎಂದುಕೊಂಡೆ, ಆಮೇಲೆ ಕಣ್ಣು ಮಂಜು ಎಂದುಕೊಂಡೆ. ಎರಡೂ ಸುಳ್ಳು.

ಆಗ ನಾನು ಹಿರಿಯೂರಿನ ಒಂದು ಆರ್ಕೆಸ್ಟ್ರಾದಲ್ಲಿ ಸೌಂಡ್ ನೋಡಿಕೊಳ್ಳುತ್ತಿದ್ದೆ. ಎಸ್ಸೆಸ್ಸೆಲ್ಸಿ ಮುಗಿಸಿ ರೇಡಿಯೊ ರಿಪೇರಿ ಕಲಿತವನು ನಾನು. ನಮ್ಮ ಡ್ರಮ್ಮರ್ ಮಾರಿಕಣಿವೆ ಕಡೆಯವನು, ಚಿಕ್ಕಂದಿನಿಂದ ಉರುಮೆ ಬಾರಿಸಿ ಬೆಳೆದವನು. ಬಲಗೈ ತಾಳ ಹಿಡಿದರೆ ಅವನ ಎಡಗೈ ಸ್ನೇರ್ ಎಂಬ ಚಪ್ಪಟೆ ಡ್ರಮ್ಮಿನ ಮೇಲೆ ಸಣ್ಣಗೆ ಆಡುತ್ತಲೇ ಇರುತ್ತಿತ್ತು. ಹಾಡಿಗೆ ನಡಿಗೆ ಬರುತ್ತಿದ್ದುದೇ ಆ ಮೆಲು ಪೆಟ್ಟುಗಳಿಂದ.

ಆರ್ಕೆಸ್ಟ್ರಾ ನಡೆಸುತ್ತಿದ್ದ ಯಜಮಾನರಿಗೆ ಹೊಸ ಸಿನಿಮಾ ಹಾಡುಗಳ ಎಲೆಕ್ಟ್ರಾನಿಕ್ ಶಬ್ದ ಬೇಕಾಯಿತು. ಇರುವ ಡ್ರಮ್ ಸೆಟ್ಟನ್ನೇ ಬದಲಾಯಿಸಿಕೊಡುತ್ತೇನೆಂದು ನಾನು ಒಪ್ಪಿಕೊಂಡೆ. ಡ್ರಮ್ಮುಗಳ ಹೊದಿಕೆ ಬಿಚ್ಚಿ, ಕಿಟಕಿಗೆ ಹಾಕುವ ಸೊಳ್ಳೆ ಜಾಲರಿಯನ್ನು ಎರಡು ಪದರ ಬಿಗಿದೆ. ಅದರಡಿ ಸ್ಪಂಜು, ಸ್ಪಂಜಿನಡಿ ಪೀಜೋ. ಬಜರ್ ಒಳಗಿರುವ ಹಿತ್ತಾಳೆ ಬಿಲ್ಲೆಯೇ ಪೀಜೋ. ಅದುರಿದರೆ ಚೂರು ಕರೆಂಟ್ ಕೊಡುತ್ತದೆ. ಆ ಕರೆಂಟ್ ಮಾಡ್ಯೂಲ್ ಎಂಬ ಪೆಟ್ಟಿಗೆ ಮುಟ್ಟಿದರೆ, ಅದರಲ್ಲಿ ತುಂಬಿಟ್ಟ ಶಬ್ದ ಸ್ಪೀಕರಿನಲ್ಲಿ ಬರುತ್ತದೆ. ಎಷ್ಟು ಜೋರಾದ ಪೆಟ್ಟನ್ನು ಪೆಟ್ಟೆಂದು ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎನ್ನಲು ಒಂದು ಅಂಕಿಯಿದೆ, ಥ್ರೆಶೋಲ್ಡ್. ಅಂಕಿ ಏರಿಸಿದಷ್ಟೂ ಮೆಲು ಪೆಟ್ಟುಗಳು ಲೆಕ್ಕದಿಂದ ಬಿಟ್ಟುಹೋಗುತ್ತವೆ. ಅವನನ್ನೇ ಕೂರಿಸಿ, ಕೈ ನೋಡಿ, ನಾಲ್ಕಕ್ಕೆ ಇಟ್ಟಿದ್ದೆ. ರಿಹರ್ಸಲ್ ಚೆನ್ನಾಗಿ ಆಯಿತು.

ಹೊಳಲ್ಕೆರೆಯಲ್ಲಿ ಒಂದು ಆರತಕ್ಷತೆ. ಹಲಗೆಯ ಸ್ಟೇಜು. ನೆಲದ ಮೇಲಿರಬೇಕಾದ ಬೇಸ್ ಸ್ಪೀಕರನ್ನು ನಾನು ಹಲಗೆಯ ಮೇಲೆ ಇಡಿಸಿದ್ದೆ. ಹಲಗೆ ಅದುರಿ, ಯಾರೂ ಮುಟ್ಟದೆಯೇ ಸ್ನೇರ್ ಸದ್ದು ಮಾಡತೊಡಗಿತು. ಸ್ಪೀಕರ್ ಇಳಿಸಲು ಕಾರ್ಯಕ್ರಮ ನಿಲ್ಲಿಸಬೇಕಿತ್ತು. ನನ್ನ ತಪ್ಪು ಎಲ್ಲರಿಗೂ ಗೊತ್ತಾಗುತ್ತಿತ್ತು. ಎರಡು ಹಾಡಿನ ನಡುವೆ ಅಂಕಿಯನ್ನು ಹದಿನೈದಕ್ಕೆ ಏರಿಸಿದೆ. ಅವನಿಗೆ ಹೇಳಲಿಲ್ಲ.

ತಾನಾಗಿ ಬರುತ್ತಿದ್ದ ಸದ್ದು ನಿಂತಿತು. ಅದರ ಜೊತೆ ಅವನ ಎಡಗೈಯ ಸದ್ದೂ. ಜಾಲರಿಗೆ ಸ್ವಂತ ದನಿಯಿಲ್ಲ. ಕೈ ಆಡುವುದು ಕಾಣುತ್ತಿತ್ತು, ಏನೂ ಕೇಳುತ್ತಿರಲಿಲ್ಲ. ಗಾಬರಿಬಿದ್ದು ಜೋರಾಗಿ ಬಾರಿಸಲು ಹೋದ, ತಾಳ ತಪ್ಪಿತು. ಮುಂದಿನ ಸಾಲಿನಲ್ಲಿ ಯಾರೋ ನಕ್ಕರು.

ಯಜಮಾನರು ಮಿಕ್ಸರ್ ಬಳಿ ಬಂದು ಬಗ್ಗಿದರು. "ಏನಪ್ಪ, ಕೆಟ್ಟಿರಾದು ನಿನ್ ಮಿಷನ್ನಾ, ಅವನ್ ಕೈಯಾ?"

"ಮಿಷನ್ ಸರಿಯಾಗೈತ್ರಿ. ವಯಸ್ಸಾತು ನೋಡ್ರಿ, ಕೈ ಸೋತೈತೆ."

ಸಾಮಾನು ಕಟ್ಟುವಾಗ ಅವನು ಬಂದ. "ಅಣ್ಣ, ನಾನು ಎಡಗೈ ಆಡಿಸ್ತಾನೇ ಇದ್ದೆ. ನಿಂಗಾದ್ರೂ ಕೇಳಿಸ್ತಾ?"

"ಹೊಡೆದ್ರೆ ತಾನೇ ಕೇಳಾದು," ಎಂದೆ. ವೈರ್ ಸುತ್ತುತ್ತಿದ್ದೆ, ತಲೆ ಎತ್ತಲಿಲ್ಲ.

ಅವನು ಚಿತ್ರದುರ್ಗಕ್ಕೆ ಹೋಗಿ ಮಣಿಕಟ್ಟು ತೋರಿಸಿಕೊಂಡು ಬಂದ. ಏನೂ ಆಗಿಲ್ಲವೆಂದು ಡಾಕ್ಟರು ಹೇಳಿದರೂ ನಂಬಲಿಲ್ಲವಂತೆ. ಹೊಸದುರ್ಗದ ಮುಂದಿನ ಕಾರ್ಯಕ್ರಮಕ್ಕೆ ಅವನ ಜಾಗದಲ್ಲಿ ಬೇರೊಬ್ಬ ಕೂತ. ಅವತ್ತು ಸ್ಪೀಕರನ್ನು ನೆಲಕ್ಕಿಳಿಸಿ, ಅಂಕಿಯನ್ನು ಮತ್ತೆ ನಾಲ್ಕಕ್ಕೆ ತಂದೆ. ಹೊಸಬನ ಕೈ ಎಷ್ಟು ಚೆನ್ನಾಗಿದೆ ಎಂದರು ಯಜಮಾನರು.

ಅವನೀಗ ಹಿರಿಯೂರಿನ ಒಂದು ಮಂಡಿಯಲ್ಲಿ ತೆಂಗಿನಕಾಯಿ ಸುಲಿಯುತ್ತಾನೆ. ಹೇಳಿಬಿಡೋಣವೆಂದು ಎರಡು ಸಲ ಹೋಗಿದ್ದೆ. ಎರಡನೆಯ ಸಲ ಅವನೇ ಟೀ ತರಿಸಿದ. "ಅವತ್ತು ನೀನು ಹೇಳಿದ್ದು ಒಳ್ಳೇದೇ ಆತು ಬಿಡಣ್ಣ. ಬೇರೆಯೋರು ಹಿಂದೆ ಆಡ್ಕಂತಿದ್ರು, ನೀನು ಮುಖಕ್ಕೇ ಹೇಳಿದೆ," ಎಂದ. ನಾನು ಟೀ ಕುಡಿದು ಎದ್ದು ಬಂದೆ.

ಯಂತ್ರಕ್ಕೆ ಕೇಳದಿದ್ದರೆ ಪೆಟ್ಟೇ ಬಿದ್ದಿಲ್ಲ ಎಂದಲ್ಲ. ಬಾರಿಸಿದವನನ್ನು ಅನುಮಾನಿಸುವ ಮೊದಲು ಅಂಕಿ ಇಟ್ಟವನನ್ನು ವಿಚಾರಿಸಬೇಕು. ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ಅವತ್ತು ಅಂಕಿ ಇಟ್ಟವನು ನಾನು. ಕೈ ಸೋತಿರಲಿಲ್ಲ. ಆ ಕೈ ಪಾಲಯ್ಯನದು.