ಓವನ್ನಿನೊಳಗೆ ಬಸ್ಸಾರು

ರೆಸಿನ್ ಸುರಿಯೋದು ಐದು ನಿಮಿಷದ ಕೆಲಸ. ಅದಕ್ಕೆ ಮುಂಚಿನ ತಯಾರಿಯೇ ಇಡೀ ದಿನದ ಗೋಳು. ಎಂಬತ್ತರ ದಶಕದಲ್ಲಿ ತುಮಕೂರಿನ ಮರಳೂರಿನ ಒಂದು ಶೆಡ್ಡಿನಲ್ಲಿ ನಾನು, ಗುಬ್ಬಿಯಿಂದ ಬರುತ್ತಿದ್ದ ಒಬ್ಬ ಅಕ್ಕ, ಇಬ್ಬರೂ ಮಾಡ್ತಿದ್ದಿದ್ದು ಇದೇ. ತೋಟದ ಪಂಪ್‌ಸೆಟ್ ಮೋಟಾರು ಸುಟ್ಟುಹೋಗದಂತೆ ಕಾಯುವ ಪುಟ್ಟ ಸರ್ಕ್ಯೂಟ್ ಬೋರ್ಡುಗಳು. ನಾನು ಸ್ಪಿರಿಟ್ಟಿನಲ್ಲಿ ಉಜ್ಜಿ ಜಿಡ್ಡು ತೆಗೆದು, ಓವನ್ನಿನಲ್ಲಿ ಒಣಗಿಸಿ, ಡಬ್ಬಿಯಲ್ಲಿ ಕೂರಿಸಿದರೆ ನೀರು ಇಳಿಯದಂತೆ ಅಕ್ಕ ಮೇಲೆ ರೆಸಿನ್ ಅನ್ನೋ ಅಂಟುದ್ರವ ಸುರಿಯೋಳು. ಗಟ್ಟಿಯಾದ ಮೇಲೆ ದೇವರೇ ಬಂದರೂ ಬಿಚ್ಚೋಕಾಗಲ್ಲ.

ಒಂದು ಸಲ ಕುಣಿಗಲ್ ಕಡೆಯಿಂದ ಬೋರ್ಡುಗಳು ವಾಪಸ್ ಬಂದವು. ರೆಸಿನ್ ತುಂಬ ಗುಳ್ಳೆ, ಅದರ ಸಂದಿಯಿಂದ ನೀರು ಇಳಿದಿತ್ತು. ಶೆಡ್ಡಿನ ಓನರ್ ಅಕ್ಕನ ಮೇಲೆ ಕೆಂಡವಾದರು. "ಸುರಿಯೋಳು ನೀನೇ ತಾನೆ? ಈ ವಾರ ಸರಿಹೋಗ್ಲಿಲ್ಲ ಅಂದ್ರೆ ಸೋಮವಾರದಿಂದ ಬರಬೇಡ" ಅಂದುಬಿಟ್ಟರು. ಅಕ್ಕನ ಗಂಡ ಹಾಸಿಗೆ ಹಿಡಿದಿದ್ದ, ಮನೆಗೆ ಅದೊಂದೇ ಸಂಬಳ. ನನಗೆ ಮೈಯೆಲ್ಲ ಉರಿದುಹೋಯ್ತು. ಅವಳು ಸುರಿಯೋದನ್ನು ದಿನಾ ನೋಡ್ತಿದ್ದೆನಲ್ಲ, ಜೇನು ಇಳಿಸಿದಂಗೆ ಇಳಿಸೋಳು. ಹಾಗಾದರೆ ಈ ಹಾಳು ಗುಳ್ಳೆ ಎಲ್ಲಿಂದ ಬಂತು?

ನನಗೋ, ತಲೆಗೆ ಹುಳ ಹೊಕ್ಕರೆ ಮುಗೀತು. ಸಂಜೆ ಮಿಕ್ಕ ರೆಸಿನ್ನನ್ನು ಎರಡು ಉಪ್ಪಿನಕಾಯಿ ಬಾಟ್ಲಿ ಮುಚ್ಚಳಕ್ಕೆ ಹಾಕಿ, ಒಂದರಲ್ಲಿ ಬಿಸಿಲಲ್ಲಿ ಒಣಗಿದ್ದ ಹಳೇ ಬೋರ್ಡಿನ ಚೂರು, ಇನ್ನೊಂದರಲ್ಲಿ ನನ್ನ ಮುಡಿಯ ಹಸಿ ಕನಕಾಂಬರ ಮುಳುಗಿಸಿದೆ.

"ಏನೇ ಇದು ಮಕ್ಕಳಾಟ?" ಅಂದಳು ಅಕ್ಕ, ಕಣ್ಣೊರೆಸಿಕೊಳ್ಳುತ್ತಲೇ.

ಬೆಳಿಗ್ಗೆ ನೋಡಿದರೆ ಬೋರ್ಡಿನ ಚೂರಿದ್ದದ್ದು ಗಾಜಿನ ಥರ ತಿಳಿ. ಹೂವಿನ ಸುತ್ತ ಮಾತ್ರ ಬುರುಬುರು ಗುಳ್ಳೆ. "ತೇವ ಕಣಕ್ಕಾ!" ಅಂತ ಕಿರುಚಿದೆ. ಆದರೆ ಓವನ್ನಿನಲ್ಲಿಟ್ಟ ಬೋರ್ಡಿಗೆ ಅದೆಂಥಾ ತೇವ?

ಓನರ್ ಬಂದಿದ್ದು ಮಧ್ಯಾಹ್ನ. ಎರಡೂ ಮುಚ್ಚಳ ತೋರಿಸಿದೆ. ಅವರಿಗೂ ಕುತೂಹಲ ಹತ್ತಿಕೊಂಡಿತು. ನೇರ ಹೋಗಿ ಓವನ್ ಬಾಗಿಲು ತೆಗೆದರು. ಹಬೆ ಮುಖಕ್ಕೆ ರಾಚಿ ಕನ್ನಡಕವೇ ಮಂಜಾಯಿತು. ಬೋರ್ಡುಗಳ ಪಕ್ಕದಲ್ಲಿ ನನ್ನ ಊಟದ ಡಬ್ಬಿ, ಅಕ್ಕನ ಡಬ್ಬಿ. ಚಳಿ ಶುರುವಾದಾಗಿನಿಂದ ಎಲ್ಲರ ಊಟ ಬಿಸಿಯಾಗುತ್ತಿದ್ದದ್ದು ಅಲ್ಲೇ, ಅದೇನು ಗುಟ್ಟಲ್ಲ, ಆದರೆ ಅದರ ಹಬೆ ಯಾರ ತಲೆಗೂ ಹೊಳೆದಿರಲಿಲ್ಲ. ಮೇಲಿನ ಅಂತಸ್ತಿನಲ್ಲಿ, ಮುಚ್ಚಳ ತೆಗೆದು, ಹಬೆಯಾಡುತ್ತ ಕೂತಿದ್ದು ಓನರ್ ಅವರದೇ ಸ್ಟೀಲ್ ಕ್ಯಾರಿಯರ್. ದಿನಾ ಬೆಳಿಗ್ಗೆಯೇ ಮನೆಯಿಂದ ಕಳಿಸಿ, ಅವರೇ ಒಳಗಿಡಿಸುತ್ತಿದ್ದ ಬಸ್ಸಾರು.

ನನಗೆ ನಗು ತಡೆಯೋಕಾಗಲಿಲ್ಲ, ಅಕ್ಕನಿಗೆ ಅಳು. ಓನರ್ ಕನ್ನಡಕ ತೆಗೆದು ಒರೆಸಿದರು. ಒರೆಸುತ್ತಲೇ ಇದ್ದರು.

"ಸೋಮವಾರ ಬರ್ಲಾ ಸಾರ್?" ಅಂದಳು ಅಕ್ಕ.

"ಬಾಮ್ಮ. ಬರುವಾಗ ಒಂದು ಸೀಮೆಎಣ್ಣೆ ಸ್ಟೌ..." ಅಂದವರು ತಡೆದು, "ಬೇಡ, ಅದನ್ನ ನಾನೇ ತರ್ತೀನಿ" ಅಂದರು.